ಒಡೆಯುವ ಅಲೆ ದಾಟಿ ಸರ್ಫ್‌ಸ್ಕಿಯನ್ನು ಕಡಲಿಗೆ ಒಯ್ಯುವುದು ಹೇಗೆ?

"ಕೆರೆಯಲ್ಲಿ, ಹಿನ್ನೀರಿನಲ್ಲಿ ಎಷ್ಟು ದೂರ ಬೇಕಾದರೂ ಹೋಗ್ತೀನಿ. ಕಡಲ ದಡದ ಮೊದಲ ಐವತ್ತು ಮೀಟರ್ ಮಾತ್ರ ದಾಟೋಕೆ ಆಗ್ತಿಲ್ಲ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪರ್ತ್, ಸಿಡ್ನಿ, ಡರ್ಬನ್ ಕಡೆ ನೆಲೆಸಿ ಈ ಆಟ ಹಿಡಿದವರು ಜಾಸ್ತಿ ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಮೇಲೆ ಕೂರುವ ಬಗೆಯ ಕಯಾಕ್ ಇಟ್ಟುಕೊಂಡವರೂ ಕೇಳುತ್ತಾರೆ. ಎಲ್ಲರಿಗೂ ಬಿಡಿ ಬಿಡಿಯಾಗಿ ಬರೆಯುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ನೀರಿಗಿಳಿಯಿರಿ.

ಹೊಸಬರಿಗಾಗಿ ಎರಡು ಮಾತು. ಸರ್ಫ್‌ಸ್ಕಿ ಅಂದರೆ ಉದ್ದನೆಯ, ಸಪೂರ ದೋಣಿ. ಒಳಗೆ ಕಾಲು ತೂರಿಸುವ ಗುಂಡಿ ಇಲ್ಲ, ಮೇಲಿನ ಕುಳಿಯಲ್ಲಿ ಕೂರಬೇಕು. ಮಗುಚಿದರೆ ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ, ಪಕ್ಕಕ್ಕೆ ಬಿದ್ದು ಮತ್ತೆ ಹತ್ತಬಹುದು. ಕಲಿಯುವವರ ಸ್ಕಿ ಐದೂವರೆ ಮೀಟರ್ ಆಸುಪಾಸು ಇರುತ್ತದೆ. ರೇಸಿನದ್ದು ಆರು ಮೀಟರ್ ದಾಟುತ್ತದೆ, ಅಗಲ ಅರ್ಧ ಮೀಟರಿಗಿಂತ ಕಮ್ಮಿ. ಕಾಲಿನ ಪೆಡಲ್‌ನಿಂದ ಹಿಂದಿನ ಚುಕ್ಕಾಣಿ ತಿರುಗುತ್ತದೆ. 1912ರಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಮೆಕ್ವಾರಿ ಬಳಿ ಮೆಕ್‌ಲಾರೆನ್ ಸಹೋದರರು ತಮ್ಮ ಸಿಂಪಿ ಕೃಷಿಯ ನೀರಿನಲ್ಲಿ ಓಡಾಡಲು ಇದರ ಮೊದಲ ರೂಪವನ್ನು ಬಳಸಿದರು. ಆಮೇಲೆ ದಡ ಕಾಯುವ ಲೈಫ್‌ಗಾರ್ಡ್‌ಗಳು ಇದನ್ನು ತಮ್ಮದಾಗಿಸಿಕೊಂಡರು. ದಕ್ಷಿಣ ಆಫ್ರಿಕಾದವರು ದೂರದ ಓಟಕ್ಕೆ ಒಗ್ಗಿಸಿದರು. ಪೋರ್ಟ್ ಎಲಿಜಬೆತ್‌ನಿಂದ ಈಸ್ಟ್ ಲಂಡನ್‌ವರೆಗಿನ ನಾಲ್ಕು ದಿನಗಳ, ಸುಮಾರು 240 ಕಿಲೋಮೀಟರಿನ ರೇಸ್ 1972ರಲ್ಲಿ ಶುರುವಾಯಿತು. ಅಂಥ ರೇಸಿನಲ್ಲಿ ದಿನವೂ ಅಲೆ ಒಡೆಯುವ ದಡದಿಂದಲೇ ಹೊರಡಬೇಕು. ಹಾಗಾಗಿ ದಡ ದಾಟುವ ವಿದ್ಯೆಯಲ್ಲಿ ಅಲ್ಲಿನವರು ಪಳಗಿದ್ದಾರೆ. ನಾನು ಇಲ್ಲಿ ಹೇಳುವ ಬಹುಪಾಲು ಕ್ರಮ ಡರ್ಬನ್ ಕಡೆಯ ದಡಗಳಲ್ಲಿ ದಿನನಿತ್ಯ ನಡೆಯುವಂಥದ್ದು.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ದಡ ದಾಟುವುದು ತೋಳಿನ ಬಲದ ಕೆಲಸ ಅಲ್ಲ. ಯಾವಾಗ ಹೊರಡಬೇಕು, ಎಲ್ಲಿಂದ ಹೊರಡಬೇಕು ಅನ್ನುವುದರಲ್ಲೇ ಮುಕ್ಕಾಲು ಪಾಲು ಮುಗಿದಿರುತ್ತದೆ. ಬಲ ಇರುವವರು ತಪ್ಪು ಹೊತ್ತಿಗೆ ಹೊರಟು ವಾಪಸ್ ಬಂದು ಬೀಳುತ್ತಾರೆ. ಕಾಯಲು ಬಲ್ಲವರು ಕೂದಲು ಒದ್ದೆಯಾಗದಂತೆ ಆಚೆ ಸೇರುತ್ತಾರೆ.

ಇಳಿಯುವ ಮೊದಲು ನಿಮಗೆ ಬರಲೇಬೇಕಾದದ್ದು

ಆಳದ ನೀರಿನಲ್ಲಿ ಬಿದ್ದರೆ ಎರಡೂ ಬದಿಯಿಂದ ಸ್ಕಿಯ ಮೇಲೆ ಹತ್ತಲು ಬರಬೇಕು. ಒಮ್ಮೆ ಅಲ್ಲ, ದಣಿದಿರುವಾಗಲೂ ಸತತವಾಗಿ ಬರಬೇಕು. ಸ್ಕಿ ಇಲ್ಲದೆ ಅದೇ ಅಲೆಗಳ ನಡುವೆ ಈಜಿ ದಡಕ್ಕೆ ಬರಬಲ್ಲಿರಾ? ಇದಕ್ಕೆ "ಹೌದು" ಅನ್ನಲು ಅನುಮಾನವಿದ್ದರೆ ಅವತ್ತು ಇಳಿಯಬೇಡಿ. ಪ್ಯಾಡಲ್ ಅನ್ನು, ಅಂದರೆ ಕೈಯಲ್ಲಿ ಹಿಡಿಯುವ ಹುಟ್ಟನ್ನು, ನೀರಿನ ಮೇಲೆ ಒತ್ತಿ ಬ್ಯಾಲೆನ್ಸ್ ಉಳಿಸಿಕೊಳ್ಳುವುದಕ್ಕೆ ಬ್ರೇಸ್ ಅನ್ನುತ್ತಾರೆ. ಅದೂ ಕೈಗೆ ಒಗ್ಗಿರಬೇಕು.

ಸಾಮಾನು ಹೆಚ್ಚೇನಿಲ್ಲ. ಮೈಗೆ ಬಿಗಿಯಾಗಿ ಕೂರುವ ಲೈಫ್ ಜಾಕೆಟ್, ಅದಕ್ಕೆ ಕಟ್ಟಿದ ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್, ಲೀಷ್. ಲೀಷ್ ಅಂದರೆ ನಿಮ್ಮ ಕಾಲನ್ನು ಸ್ಕಿಗೆ ಜೋಡಿಸುವ ಹಗ್ಗ. ಅಲೆ ಜೋರಿದ್ದರೆ ಹೆಲ್ಮೆಟ್ ಹಾಕಿ. ಹೆಲ್ಮೆಟ್ ಹಾಕಲು ನಾಚಿಕೆ ಪಡುವವರಿದ್ದಾರೆ. ಬೇಡ ಆ ನಾಚಿಕೆ. ಮೊಣಕಾಲಿನಷ್ಟು ನೀರಿನಲ್ಲಿ ತಲೆಗೆ ಪೆಟ್ಟು ಕೊಡುವುದು ಅಲೆಗಿಂತ ಹೆಚ್ಚಾಗಿ ನಿಮ್ಮದೇ ಸ್ಕಿ. ಜೊತೆಗೊಬ್ಬರು ಇರಲಿ, ದಡದಲ್ಲಿ ಇನ್ನೊಬ್ಬರಿಗೆ ನೀವು ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಗೊತ್ತಿರಲಿ.

ತುರ್ತಿಗೆ ಬೇಕಾದ ನಂಬರುಗಳು ಫೋನಿನಲ್ಲಿರಲಿ. ಭಾರತದಲ್ಲಿ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ದಕ್ಷಿಣ ಆಫ್ರಿಕಾದಲ್ಲಿ ಮೊಬೈಲಿನಿಂದ 112, ಆಸ್ಟ್ರೇಲಿಯಾದಲ್ಲಿ 000.

1. ಸ್ಕಿಯನ್ನು ಒಣ ಮರಳಿನ ಮೇಲೇ ನೋಡಿಕೊಳ್ಳಿ

ಕಾಲಿಡುವ ಹಲಗೆ ನಿಮ್ಮ ಉದ್ದಕ್ಕೆ ಸರಿಯಾಗಿ ಬಿಗಿಯಾಗಿದೆಯಾ? ಪೆಡಲ್ ಒತ್ತಿದರೆ ಚುಕ್ಕಾಣಿ ಎರಡೂ ಕಡೆ ತಿರುಗುತ್ತದಾ? ಅದರ ದಾರ ಎಲ್ಲಾದರೂ ನವೆದಿದೆಯಾ? ನೊರೆಯ ಮಧ್ಯೆ ಈ ದಾರ ಕಿತ್ತುಹೋದರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಬೇಲರ್ ಅಂದರೆ ಕಾಲಿನ ಬಳಿ ಕುಳಿಯ ತಳದಲ್ಲಿರುವ ತೂತು. ಸ್ಕಿ ವೇಗವಾಗಿ ಹೋಗುವಾಗ ಕುಳಿಯ ನೀರನ್ನು ಕೆಳಗೆ ಎಳೆದು ಹೊರಹಾಕುತ್ತದೆ, ನಿಂತಿದ್ದರೆ ಕೆಲಸ ಮಾಡುವುದಿಲ್ಲ. ಮುಚ್ಚಿ ತೆರೆಯುವ ಬಗೆಯದಾದರೆ ದಡದಲ್ಲಿ ಮುಚ್ಚಿರಲಿ, ಇಲ್ಲದಿದ್ದರೆ ಮರಳು ತುಂಬಿಕೊಂಡು ಕೈಕೊಡುತ್ತದೆ.

ಸ್ಕಿಯನ್ನು ಮರಳಿನ ಮೇಲೆ ಎಳೆಯಬೇಡಿ. ಚುಕ್ಕಾಣಿ ತಳದಿಂದ ಕೆಳಕ್ಕೆ ಚಾಚಿಕೊಂಡಿರುತ್ತದೆ, ಬಾಗಿದರೆ ಅವತ್ತಿನ ಕತೆ ಮುಗಿಯಿತು.

2. ಹದಿನೈದು ನಿಮಿಷ ಸುಮ್ನೆ ನಿಂತು ನೋಡಿ

ಅತಿ ಹೆಚ್ಚು ಜನ ತಪ್ಪಿಸುವ ಹಂತ ಇದೇ. ಕಾರಿನಿಂದ ಸ್ಕಿ ಇಳಿಸಿದ ತಕ್ಷಣ ಹೊರಟುಬಿಡುತ್ತಾರೆ. ನೀವು ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ನೋಡಿ. ನಮ್ಮ ಕಡಲೂರುಗಳಲ್ಲಿ ದಡದಿಂದಲೇ ನಾಡದೋಣಿ ಇಳಿಸುವವರನ್ನು ಗಮನಿಸಿದ್ದರೆ ನಿಮಗೆ ಗೊತ್ತು. ದೋಣಿಗೆ ಕೈ ಹಾಕಿ ನಿಂತಿರುತ್ತಾರೆ, ತಳ್ಳುವುದಿಲ್ಲ, ಕಣ್ಣು ಮಾತ್ರ ಆಚೆ ಇರುತ್ತದೆ. ಹಿರಿಯರೊಬ್ಬರು "ಹೂಂ" ಅಂದ ಮೇಲೇ ಎಲ್ಲರೂ ತಳ್ಳುತ್ತಾರೆ.

ಏನನ್ನು ನೋಡಬೇಕು?

ಮೊದಲನೆಯದು, ಸೆಟ್ ಮತ್ತು ಬಿಡುವು. ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ದೊಡ್ಡವು ಮೂರೋ ಐದೋ ಏಳೋ ಒಟ್ಟಾಗಿ ಬರುತ್ತವೆ. ಆ ಗುಂಪಿಗೆ ಸೆಟ್ ಅನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸಣ್ಣವೇ ಬರುತ್ತವೆ. ಅದು ನಿಮ್ಮ ಬಿಡುವು. ಗಡಿಯಾರ ಹಿಡಿದು ಒಂದು ಸೆಟ್ಟಿನ ಕೊನೆಯ ಅಲೆಯಿಂದ ಮುಂದಿನ ಸೆಟ್ಟಿನ ಮೊದಲ ಅಲೆವರೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಎರಡು ಮೂರು ಸೆಟ್ ನೋಡದೆ ತೀರ್ಮಾನ ಬೇಡ. ಐದು ನಿಮಿಷ ಶಾಂತವಾಗಿದ್ದ ಕಡಲು ಆರನೇ ನಿಮಿಷದಲ್ಲಿ ಬೇರೆಯೇ ಮುಖ ತೋರಿಸುತ್ತದೆ.

ಎರಡನೆಯದು, ಅಲೆ ಒಡೆಯುವ ರೀತಿ. ತಲೆಯಿಂದ ನೊರೆ ನಿಧಾನವಾಗಿ ಜಾರಿಕೊಂಡು ಬರುವ ಅಲೆ ಸೌಮ್ಯ, ಹೊಸಬರು ದಾಟಬಹುದು. ಇಡೀ ಅಲೆ ಗೋಡೆಯಂತೆ ಎದ್ದು, ಮುಂದಕ್ಕೆ ಬಾಗಿ, ಒಂದೇ ಏಟಿಗೆ ಕೆಳಗೆ ಬೀಳುವುದು ಡಂಪಿಂಗ್ ಅಲೆ. ಇದು ಅಪಾಯ. ದಡ ಕಡಿದಾಗಿದ್ದಲ್ಲಿ ಇಂಥ ಅಲೆ ಮರಳಿನ ಮೇಲೇ ಬಂದು ಬೀಳುತ್ತದೆ. ಡರ್ಬನ್ ಇರುವ ಕ್ವಾಜುಲು-ನಟಾಲ್ ಕರಾವಳಿಯಲ್ಲಿ ಇಂಥ ದಡಗಳು ತುಂಬಾ ಇವೆ. ಉಬ್ಬರದ ಹೊತ್ತಿನಲ್ಲಿ ಡಂಪ್ ಆಗುವ ದಡ ಇಳಿತದಲ್ಲಿ ಸೌಮ್ಯವಾಗಿರಬಹುದು, ಇನ್ನೊಂದು ದಡದಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಹಾಗಾಗಿ ಉಬ್ಬರ ಇಳಿತದ ಸಮಯ ನೋಡಿಕೊಂಡೇ ಹೋಗಿ.

ಮೂರನೆಯದು, ಎಲ್ಲಿ ಒಡೆಯುತ್ತಿದೆ ಅನ್ನುವುದು. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ ಒಂದು ಮೀಟರಿನ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಬೀಳುತ್ತದೆ. ದೊಡ್ಡ ಅಲೆ ಬೇಗ, ಆಚೆ ಒಡೆಯುತ್ತದೆ. ಸಣ್ಣದು ಹತ್ತಿರ ಬಂದು ಒಡೆಯುತ್ತದೆ. ಹೀಗೆ ಎರಡು ಗೆರೆಗಳು ಕಾಣುತ್ತವೆ, ಸೆಟ್ ಒಡೆಯುವ ಆಚೆಯ ಗೆರೆ ಮತ್ತು ದಿನನಿತ್ಯದ ಅಲೆ ಒಡೆಯುವ ಈಚೆಯ ಗೆರೆ. ಎರಡರ ಮಧ್ಯದ ಜಾಗ ಸುಮ್ನೆ ಕೂತು ಕಾಯುವ ಜಾಗ ಅಲ್ಲ. ಈಚೆಯ ಗೆರೆ ಖಾಲಿ ಕಂಡಿತು ಅಂತ ಅಲ್ಲಿ ಹೋಗಿ ವಿರಮಿಸಿದವರ ಮೇಲೆ ಸೆಟ್ ಬಂದು ಬೀಳುತ್ತದೆ.

ನಾಲ್ಕನೆಯದು, ನೀರು ವಾಪಸ್ ಹೋಗುವ ದಾರಿ. ದಡಕ್ಕೆ ಬಂದ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕಲ್ವಾ? ಮರಳ ದಿಣ್ಣೆಗಳ ನಡುವಿನ ಆಳದ ಕಾಲುವೆಯಲ್ಲಿ ಅದು ಹೊಳೆಯಂತೆ ಕಡಲಿಗೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ಬಣ್ಣ ಸ್ವಲ್ಪ ಗಾಢ, ಮೇಲ್ಮೈ ಕದಡಿದಂತೆ, ಅಲೆ ಒಡೆಯುವುದು ಕಮ್ಮಿ. ಕೆಲವೊಮ್ಮೆ ಮರಳು ಕಲಸಿದ ನೀರು, ನೊರೆಯ ತುಣುಕು ಆಚೆಗೆ ಹೋಗುತ್ತಿರುವುದು ಕಾಣುತ್ತದೆ. ಡರ್ಬನ್‌ನ ದಡದಲ್ಲಿರುವ ಪಿಯರ್‌ಗಳ, ಅಂದರೆ ಕಡಲೊಳಗೆ ಚಾಚಿದ ಕಟ್ಟೆಗಳ ಪಕ್ಕದಲ್ಲಿ ಇಂಥ ಹರಿವು ಸಾಮಾನ್ಯ. ಈಜುವವರನ್ನು ಕೊಲ್ಲುವ ಈ ಹರಿವೇ ಸ್ಕಿಯವರಿಗೆ ಹೊರಹೋಗುವ ದಾರಿ. ಆದರೆ ಎರಡು ಎಚ್ಚರ. ರಿಪ್‌ನ ಹೊರತುದಿಯಲ್ಲಿ ಹರಿವಿಗೂ ಅಲೆಗೂ ಡಿಕ್ಕಿಯಾಗಿ ಅಲೆ ಇನ್ನೂ ಕಡಿದಾಗಿ ಏಳುತ್ತದೆ. ಮತ್ತೆ, ಅಲ್ಲಿ ಬಿದ್ದರೆ ನೀವು ದಡಕ್ಕಲ್ಲ, ಕಡಲಿಗೆ ಹೋಗುತ್ತೀರಿ. ಆಗ ಎದುರು ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆ ಇರುವ ಕಡೆಗೆ ಬನ್ನಿ. ನೊರೆ ನಿಮ್ಮನ್ನು ದಡಕ್ಕೆ ತರುತ್ತದೆ.

ನದಿ ಕಡಲು ಸೇರುವ ಅಳಿವೆ ಬಾಯಿಯಲ್ಲಿ ಇಳಿಸುವ ಯೋಚನೆ ಬೇಡ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ದೊಡ್ಡ ಮೀನುಗಾರಿಕೆ ದೋಣಿಗಳೇ ಅಳಿವೆಯಲ್ಲಿ ಮಗುಚುತ್ತವೆ.

ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಪೀರಿಯಡ್ ನೋಡಿ. ಒಂದು ಅಲೆ ಬಂದ ಮೇಲೆ ಮುಂದಿನದು ಬರಲು ಎಷ್ಟು ಸೆಕೆಂಡು ಅನ್ನುವುದೇ ಪೀರಿಯಡ್. ಒಂದು ಮೀಟರ್, 7 ಸೆಕೆಂಡು ಅಂದರೆ ಹತ್ತಿರದ ಗಾಳಿ ಎಬ್ಬಿಸಿದ ಗಜಿಬಿಜಿ ಅಲೆ. ಬಿಡುವು ಸಿಗುವುದು ಕಷ್ಟ, ಆದರೆ ಹೊಡೆತ ಕಮ್ಮಿ. ಅದೇ ಒಂದು ಮೀಟರ್, 15 ಸೆಕೆಂಡು ಅಂದರೆ ದೂರದ ಬಿರುಗಾಳಿಯಿಂದ ಬಂದ ಅಲೆ. ದಡದ ಹತ್ತಿರ ಇನ್ನೂ ಎತ್ತರಕ್ಕೆ ಏಳುತ್ತದೆ, ಹೊಡೆತ ಜೋರು. ಬಿಡುವು ಮಾತ್ರ ಉದ್ದ. ಭಾರತದ ಕರಾವಳಿಗೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ. ಅದು ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ ದಿನ ಸ್ಕಿ ಮನೆಯಲ್ಲೇ ಇರಲಿ.

3. ಹೊರಡುವ ಜಾಗ ಆರಿಸಿ, ಲೆಕ್ಕ ಹಾಕಿ

ಈಜುವವರ ಬಾವುಟಗಳ ನಡುವೆ ಎಂದೂ ಇಳಿಸಬೇಡಿ. ನಿಮ್ಮ ಹಿಂದೆ, ಅಂದರೆ ದಡದ ಕಡೆ ಯಾರೂ ಇರಬಾರದು. ಕೈಬಿಟ್ಟ ಸ್ಕಿ ನೊರೆಯ ಮೇಲೆ ಎಷ್ಟು ಜೋರಾಗಿ ದಡಕ್ಕೆ ಬರುತ್ತದೆ ಅಂತ ನೋಡಿದವರಿಗೇ ಗೊತ್ತು.

ಒಂದು ಲೆಕ್ಕ ಕೊಡುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಹೊಸಬರು ಸಾಧಾರಣ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾರೆ ಅಂದುಕೊಳ್ಳೋಣ. ಅಂದರೆ ಸೆಕೆಂಡಿಗೆ ಎರಡೂವರೆ ಮೀಟರ್. ಅಲೆ ಒಡೆಯುವ ಪಟ್ಟಿ 60 ಮೀಟರ್ ಅಗಲವಿದ್ದರೆ ದಾಟಲು 24 ಸೆಕೆಂಡು. ನೊರೆ ತಡೆಯುವುದನ್ನೂ ಸೇರಿಸಿ 40 ಸೆಕೆಂಡು ಅನ್ನಿ. ಹಾಗಾದರೆ ನಿಮಗೆ ಒಂದು ನಿಮಿಷದ ಬಿಡುವು ಸಾಕು. ನೀವು ಅಳೆದ ಬಿಡುವು ಅದಕ್ಕಿಂತ ಕಮ್ಮಿಯಿದ್ದರೆ ಈ ಜಾಗ ನಿಮ್ಮದಲ್ಲ. ಪಕ್ಕದಲ್ಲಿ ಬೇರೆ ಜಾಗ ಹುಡುಕಿ, ಇಲ್ಲವೇ ಮನೆಗೆ ಹೋಗಿ.

ಇನ್ನೊಂದು ಲೆಕ್ಕ. 1.3 ಮೀಟರ್ ಆಳದ ನೀರಿನಲ್ಲಿ ಅಲೆ ಗಂಟೆಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ನೀವು ಎದುರು ಹೋಗುತ್ತಿದ್ದೀರಿ. ಎರಡೂ ಸೇರಿದರೆ ಸೆಕೆಂಡಿಗೆ ಆರು ಮೀಟರ್. ಅಲ್ಲೆಲ್ಲೋ ಮೂವತ್ತು ಮೀಟರ್ ಆಚೆ ಕಾಣುವ ಅಲೆ ಐದೇ ಸೆಕೆಂಡಿನಲ್ಲಿ ನಿಮ್ಮ ಮೇಲಿರುತ್ತದೆ. ಯೋಚನೆ ಮಾಡುವ ಕೆಲಸ ದಡದಲ್ಲೇ ಮುಗಿಯಬೇಕು ಅನ್ನುವುದು ಇದಕ್ಕೇ.

4. ನೀರಿಗೆ ನಡೆದುಕೊಂಡು ಹೋಗುವುದು

ಇಲ್ಲಿ ಒಂದೇ ಒಂದು ನಿಯಮ, ಅದನ್ನು ಮುರಿಯಬೇಡಿ. ಬರುವ ಅಲೆಗೂ ನಿಮಗೂ ಮಧ್ಯೆ ಸ್ಕಿ ಇರಬಾರದು. ಒಂದು ಘನ ಮೀಟರ್ ಸಮುದ್ರದ ನೀರು ಸಾವಿರ ಕಿಲೋಗಿಂತ ಜಾಸ್ತಿ ತೂಗುತ್ತದೆ. ಅಡ್ಡವಾಗಿ ನಿಂತ ಸ್ಕಿಗೆ ಆ ನೀರು ಬಡಿದರೆ, ಅದರ ಹಿಂದೆ ನಿಂತವರ ಮೊಣಕಾಲು, ಸೊಂಟ, ಪಕ್ಕೆಲುಬು ಏನೂ ಉಳಿಯುವುದಿಲ್ಲ.

ಸ್ಕಿಯ ಮೂತಿ ನೇರ ಅಲೆಗೆ ಎದುರಾಗಿರಲಿ. ನೀವು ಸೀಟಿನ ಪಕ್ಕ ನಿಲ್ಲಿ. ಒಂದು ಕೈಯಲ್ಲಿ ಕುಳಿಯೊಳಗೆ ಪಾದ ತೂರಿಸುವ ಪಟ್ಟಿಯನ್ನೋ ಸೀಟಿನ ಅಂಚನ್ನೋ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಪ್ಯಾಡಲ್. ಗಾಳಿ ಪಕ್ಕದಿಂದ ಬೀಸುತ್ತಿದ್ದರೆ ಗಾಳಿ ಬರುವ ಬದಿಯಲ್ಲಿ ನಿಲ್ಲಿ. ಆಗ ಗಾಳಿ ಸ್ಕಿಯನ್ನು ನಿಮ್ಮಿಂದ ದೂರ ತಳ್ಳುತ್ತದೆ, ನಿಮ್ಮ ಮೇಲೆ ಅಲ್ಲ. ಸಣ್ಣ ನೊರೆ ಬಂದಾಗ ಮೂತಿಯನ್ನು ಸ್ವಲ್ಪ ಮೇಲಕ್ಕೆತ್ತಿ, ನೊರೆ ಅಡಿಯಲ್ಲಿ ಹೋಗಲಿ. ಕುಳಿಯೊಳಗೆ ನೀರು ತುಂಬಿದರೆ ಪ್ರತಿ ಲೀಟರಿಗೂ ಒಂದು ಕಿಲೋ ತೂಕ ಏರಿತು ಅಂತ ಲೆಕ್ಕ. ಸ್ಕಿಯ ತೂಕವೇ ಹದಿನೈದು ಕಿಲೋ ಆಸುಪಾಸು ಇರುವಾಗ ಇಪ್ಪತ್ತು ಲೀಟರ್ ನೀರು ಹೊತ್ತುಕೊಂಡು ಅಲೆ ದಾಟಲು ಆಗುವುದಿಲ್ಲ. ತುಂಬಿದ್ದರೆ ಪಕ್ಕಕ್ಕೆ ವಾಲಿಸಿ ಚೆಲ್ಲಿ.

ಮೂತಿ ತಿರುಗಿ ಸ್ಕಿ ಅಡ್ಡವಾಗುತ್ತಿದೆ, ಅಲೆ ಹತ್ತಿರ ಬಂತು. ಸರಿಪಡಿಸಲು ಹೊತ್ತಿಲ್ಲ. ಕೈಬಿಟ್ಟು ಪಕ್ಕಕ್ಕೆ ಸರಿಯಿರಿ. ಸ್ಕಿ ರಿಪೇರಿಯಾಗುತ್ತದೆ.

ಲೀಷ್ ಬಗ್ಗೆ ಅನುಭವಸ್ಥರಲ್ಲೇ ಎರಡು ಅಭಿಪ್ರಾಯ ಇದೆ. ಹಾಕಿಕೊಂಡರೆ ಅಲೆ ಸ್ಕಿಯ ಜೊತೆ ನಿಮ್ಮನ್ನೂ ಎಳೆಯುತ್ತದೆ, ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಕದಿದ್ದರೆ ಸ್ಕಿ ಕೈತಪ್ಪಿ ಹೋಗುತ್ತದೆ. ನನ್ನ ಅಭಿಪ್ರಾಯ ಇದು. ದಡದಲ್ಲೇ ಡಂಪ್ ಆಗುವ ಅಲೆ ಇದ್ದರೆ ಲೀಷನ್ನು ಸ್ಕಿಗೆ ಕಟ್ಟಿಡಿ, ಕಾಲಿಗೆ ಹಾಕುವುದು ಅಲೆ ದಾಟಿದ ಮೇಲೆ. ಅಲೆ ಸೌಮ್ಯವಾಗಿದ್ದರೆ ದಡದಲ್ಲೇ ಹಾಕಿ. ಎರಡರಲ್ಲೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬಗೆಯ ಲೀಷ್ ಇರಲಿ. ಆಚೆ ಸೇರಿದ ಮೇಲೆ ಲೀಷ್ ಇಲ್ಲದೆ ಒಂದು ಮೀಟರ್ ಕೂಡ ಮುಂದೆ ಹೋಗಬೇಡಿ. ಗಾಳಿಯಿರುವ ದಿನ ಖಾಲಿ ಸ್ಕಿಯನ್ನು ಈಜಿ ಹಿಡಿಯಲು ಯಾರಿಂದಲೂ ಆಗದು.

5. ಕೂರುವುದು, ಪ್ಯಾಡಲ್‌ನ ಮೊದಲ ನಾಲ್ಕು ಹೊಡೆತ

ನೀರು ಮೊಣಕಾಲಿಗಿಂತ ಮೇಲೆ, ತೊಡೆಯವರೆಗೆ ಬರಲಿ. ಅದಕ್ಕಿಂತ ಕಮ್ಮಿಯಾದರೆ ಚುಕ್ಕಾಣಿ ಮರಳಿಗೆ ತಾಗುತ್ತದೆ. ಸೊಂಟ ದಾಟಿದರೆ ಹತ್ತುವುದು ನಿಧಾನ. ಒಂದು ನೊರೆ ಹಾದುಹೋದ ತಕ್ಷಣ ಕುಳಿತುಬಿಡಿ. ಹಾರಬೇಡಿ, ಸೊಂಟವನ್ನು ಸೀಟಿಗೆ ಇಳಿಸಿ. ಕಾಲು ಎರಡೂ ಬದಿಗೆ ಹೊರಗೇ ನೇತಾಡುತ್ತಿರಲಿ.

ಇಲ್ಲಿ ಹೊಸಬರು ಮಾಡುವ ತಪ್ಪು ಏನೆಂದರೆ, ಕೂತ ಕೂಡಲೇ ಕಾಲು ಒಳಗೆ ತೆಗೆದುಕೊಂಡು, ಪಟ್ಟಿಯೊಳಗೆ ಪಾದ ತೂರಿಸಿ, ಸರಿಯಾಗಿ ಕೂತು, ಆಮೇಲೆ ಹೊರಡಲು ನೋಡುವುದು. ಅಷ್ಟರಲ್ಲಿ ಮುಂದಿನ ಅಲೆ ಬಂದಾಯಿತು. ಕಾಲು ಹೊರಗಿಟ್ಟುಕೊಂಡೇ ಪ್ಯಾಡಲ್ ಹೊಡೆಯಲು ಶುರು ಮಾಡಿ. ನೇತಾಡುವ ಕಾಲು ಬ್ಯಾಲೆನ್ಸ್ ಕೊಡುತ್ತದೆ. ನಾಲ್ಕು ಹೊಡೆತ ಬಿದ್ದು ಸ್ಕಿ ಚಲಿಸಿದ ಮೇಲೆ ಒಂದು ಕಾಲು ಒಳಗೆ, ಇನ್ನೆರಡು ಹೊಡೆತ, ಇನ್ನೊಂದು ಕಾಲು ಒಳಗೆ. ನಿಂತ ಸ್ಕಿ ಅಲುಗುತ್ತದೆ, ಓಡುವ ಸ್ಕಿ ಅಲುಗುವುದಿಲ್ಲ. ಇದನ್ನು ಕೆರೆಯಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು.

6. ಕಾಯುವ ಜಾಗ

ಈಚೆಯ ಗೆರೆಗಿಂತ ಸ್ವಲ್ಪ ಒಳಗೆ, ಅಂದರೆ ದಡದ ಕಡೆ, ನೊರೆ ತನ್ನ ಶಕ್ತಿ ಕಳೆದುಕೊಂಡು ಬರುವ ಜಾಗ ಒಂದಿರುತ್ತದೆ. ಅಲ್ಲಿ ಮೂತಿಯನ್ನು ಕಡಲಿಗೆ ನೇರವಾಗಿಟ್ಟು ಕಾಯಿರಿ. ಮುಂದೆ ಎರಡು ಹೊಡೆತ, ಹಿಂದೆ ಒಂದು ಹೊಡೆತ, ಜಾಗ ಬಿಡಬೇಡಿ. ನೊರೆ ಬಂದಾಗಲೆಲ್ಲ ಅದಕ್ಕೆ ಎದುರಾಗಿ ಒಂದೆರಡು ಹೊಡೆತ ಹಾಕಿ ಹಾದುಹೋಗಲು ಬಿಡಿ.

ಸೆಟ್ ಬಂತು. ಒಂದು, ಎರಡು, ಮೂರು ಅಂತ ಬೀಳುತ್ತಿವೆ. ಕೊನೆಯದರ ಹಿಂದೆ ದಿಗಂತ ಸಪಾಟಾಗಿ ಕಂಡರೆ ಅದೇ ನಿಮ್ಮ ಹೊತ್ತು. ಸೆಟ್ಟಿನ ಕೊನೆಯ ಅಲೆ ಒಡೆದು, ಅದರ ನೊರೆ ನಿಮ್ಮನ್ನು ಮುಟ್ಟುವ ಮೊದಲೇ ಹೊರಡಬೇಕು. ನೊರೆ ದಾಟಿದ ಮೇಲೆ ಹೊರಟರೆ ಅಷ್ಟೂ ಸೆಕೆಂಡು ನಷ್ಟ.

7. ಹೊರಟ ಮೇಲೆ ನಿಲ್ಲಬೇಡಿ

ಪೂರ್ತಿ ಬಲ ಹಾಕುವುದು ಈಗ. ವಾಹನ ಓಡಾಡುವ ರಸ್ತೆಯನ್ನು ಅರ್ಧ ದಾಟಿ ನಿಂತವರ ಹಾಗೆ, ನಡುವೆ ಅನುಮಾನಿಸಿ ನಿಂತವರಿಗೇ ಪೆಟ್ಟು ಬೀಳುವುದು. ಕಣ್ಣು ಮೂತಿಯ ಮೇಲೆ ಬೇಡ, ಎದುರಿನ ಎರಡನೇ ಅಲೆಯ ಮೇಲಿರಲಿ.

ದಾರಿಯಲ್ಲಿ ನಾಲ್ಕು ಬಗೆಯ ಅಲೆ ಎದುರಾಗಬಹುದು.

ಸೊಂಟದೆತ್ತರದ ಒಡೆದ ನೊರೆ: ನೇರವಾಗಿ, ವೇಗವಾಗಿ ನುಗ್ಗಿ. ಓರೆಯಾಗಿ ಹೋದರೆ ಅದು ಮೂತಿಯನ್ನು ತಿರುಗಿಸಿಬಿಡುತ್ತದೆ. ಮೂತಿ ನೊರೆಗೆ ತಾಗುವ ಹೊತ್ತಿಗೆ ಮುಂದಕ್ಕೆ ಬಾಗಿ, ಪ್ಯಾಡಲ್‌ನ ಎಲೆಯನ್ನು ನೊರೆಯ ಮೇಲಿಂದ ಚಾಚಿ ಅದರ ಹಿಂದಿನ ಗಟ್ಟಿ ನೀರಿಗೆ ನಾಟಿ, ಎಳೆದುಕೊಳ್ಳಿ. ನೊರೆಯಲ್ಲಿ ಗಾಳಿ ತುಂಬಿರುತ್ತದೆ. ಅಲ್ಲಿ ಪ್ಯಾಡಲ್ ಹಾಕಿದರೆ ಹಿಡಿತ ಸಿಗುವುದಿಲ್ಲ, ಕೈ ಖಾಲಿ ಹೋಗಿ ನೀವು ಆ ಬದಿಗೆ ಬೀಳುತ್ತೀರಿ. ಕಲಿಯುವವರು ಬೀಳುವುದು ಹೆಚ್ಚಾಗಿ ಹೀಗೇ. ಆ ಒಂದು ಹೊಡೆತ ನೊರೆಯ ಆಚೆ ಬಿದ್ದರೆ ಅಲೆ ನಿಮ್ಮ ಎದೆಗೆ ಬಡಿದು ಹಿಂದಕ್ಕೆ ಹೋಗುತ್ತದೆ, ಸ್ಕಿ ಮುಂದಕ್ಕೇ ಇರುತ್ತದೆ.

ಎದೆಯೆತ್ತರದ ನೊರೆ: ವೇಗ ಅದೇ. ಆದರೆ ಬಡಿಯುವ ಕ್ಷಣದಲ್ಲಿ ಪ್ಯಾಡಲ್ ಅನ್ನು ಸ್ಕಿಯ ಉದ್ದಕ್ಕೆ, ಪಕ್ಕದಲ್ಲಿ ಇಟ್ಟುಕೊಳ್ಳಿ. ಎದೆಗೆ ಅಡ್ಡವಾಗಿ ಹಿಡಿದರೆ ನೀರು ಅದನ್ನು ನೇರ ಬಾಯಿಗೆ ತಂದು ಬಡಿಯುತ್ತದೆ. ಗಲ್ಲ ಎದೆಗೆ ಒತ್ತಿ, ಮೈ ಮುಂದಕ್ಕೆ ಮಡಚಿ. ನೀರು ಮೇಲಿಂದ ಹೋದ ಮರುಕ್ಷಣ ಮತ್ತೆ ಹೊಡೆತ ಶುರುವಾಗಬೇಕು. ಸ್ಕಿ ಅಲ್ಲಿ ಬಹುಪಾಲು ನಿಂತುಹೋಗಿರುತ್ತದೆ. ಕಣ್ಣಿನ ನೀರು ಒರೆಸಿಕೊಳ್ಳಲು ಹೋಗಬೇಡಿ, ಮೊದಲು ಹೊಡೆಯಿರಿ.

ಇನ್ನೂ ಒಡೆಯದ, ಕಡಿದಾಗಿ ಏಳುತ್ತಿರುವ ಅಲೆ: ವೇಗ ಹೆಚ್ಚಿಸಿ. ಏರುವಾಗ ಮೈ ಮುಂದಕ್ಕೇ ಇರಲಿ. ಹಿಂದಕ್ಕೆ ವಾಲಿದರೆ ಮೂತಿ ಆಕಾಶ ನೋಡಿ ಸ್ಕಿ ಹಿಂದಕ್ಕೆ ಮಗುಚುತ್ತದೆ. ತುದಿ ದಾಟಿದಾಗ ಸ್ಕಿ ಆಚೆ ಬದಿಗೆ ದೊಪ್ಪನೆ ಬೀಳುತ್ತದೆ. ಆ ಹೊತ್ತಿಗೆ ಪ್ಯಾಡಲ್ ನೀರಿನಲ್ಲಿರಲಿ. ಗಾಳಿಯಲ್ಲಿ ಕೈ ಎತ್ತಿಕೊಂಡು ಬಿದ್ದರೆ ಬ್ಯಾಲೆನ್ಸ್ ಹೋಗುತ್ತದೆ.

ನಿಮ್ಮ ಮೇಲೇ ಒಡೆಯಲಿರುವ ಅಲೆ: ಕಷ್ಟದ ತೀರ್ಮಾನ ಇದೊಂದೇ. ಹತ್ತು ಹದಿನೈದು ಮೀಟರ್ ದೂರದಲ್ಲೇ ಇದು ಬೀಳುವ ಜಾಗ ನಿಮ್ಮದೇ ಅಂತ ಗೊತ್ತಾದರೆ ಎರಡೇ ದಾರಿ. ಒಡೆಯುವ ಮೊದಲು ತುದಿ ದಾಟುವಷ್ಟು ಓಡಿ, ಅಥವಾ ಈಗಲೇ ತಡೆದು ಹಿಂದಕ್ಕೆ ಹೊಡೆದು ಅದು ನಿಮ್ಮ ಮುಂದೆ ಬೀಳಲು ಬಿಡಿ. ಬಿದ್ದ ಮೇಲೆ ನೊರೆ ಹತ್ತು ಮೀಟರ್ ಬಂದರೂ ಅದರ ಬಲ ಎಷ್ಟೋ ಇಳಿದಿರುತ್ತದೆ. ಎರಡೂ ಆಗುವುದಿಲ್ಲ ಅಂದರೆ ಸ್ಕಿಯಿಂದ ಪಕ್ಕಕ್ಕೆ ಜಾರಿ ನೀರಿನ ಅಡಿ ಹೋಗಿ. ತಲೆಯ ಮೇಲೆ ತೋಳು ಸುತ್ತಿಕೊಳ್ಳಿ. ಮೇಲೆ ಬರುವಾಗ ಕೈ ಮೊದಲು, ತಲೆ ಆಮೇಲೆ. ಸ್ಕಿ ನಿಮ್ಮ ಮೇಲೆಯೇ ಇರಬಹುದು.

ನೊರೆ ನಿಮ್ಮನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಸ್ಕಿ ಅಡ್ಡವಾದರೆ ಅಲೆಯ ಕಡೆಗೆ ವಾಲಿ, ಆ ಬದಿಗೇ ಬ್ರೇಸ್ ಹಾಕಿ. ದಡದ ಕಡೆಗೆ ಬಿದ್ದರೆ ಸ್ಕಿ ನಿಮ್ಮ ಮೇಲೆ ಉರುಳುತ್ತದೆ. ಬ್ರೇಸ್ ಹಾಕುವಾಗ ಮೊಣಕೈ ಮೈಗೆ ಹತ್ತಿರ, ಭುಜಕ್ಕಿಂತ ಕೆಳಗಿರಲಿ. ಕೈ ಮೇಲೆ ಚಾಚಿ ಬ್ರೇಸ್ ಹಾಕಿದವರ ಭುಜದ ಕೀಲು ಜಾರುವುದು ಈ ಆಟದಲ್ಲಿ ಅಪರೂಪವೇನಲ್ಲ.

8. ಬಿದ್ದರೆ

ಅಲೆ ಒಡೆಯುವ ಪಟ್ಟಿಯಲ್ಲೇ ಮತ್ತೆ ಹತ್ತಲು ಒದ್ದಾಡಬೇಡಿ. ಅರ್ಧ ಹತ್ತಿದಾಗ ಮುಂದಿನ ಅಲೆ ಬರುತ್ತದೆ, ಮತ್ತೆ ಬೀಳುತ್ತೀರಿ, ಹೀಗೇ ಮೂರು ಸಲ ಆದರೆ ಉಸಿರು ಮುಗಿಯುತ್ತದೆ. ದೊಡ್ಡ ಬಿಡುವು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಹತ್ತಿ.

ಇಲ್ಲದಿದ್ದರೆ ದಡಕ್ಕೆ ವಾಪಸ್. ಸ್ಕಿಯ ಕಡಲ ಕಡೆಗಿರುವ ತುದಿಯನ್ನು ಹಿಡಿಯಿರಿ. ನೀವು ಆಚೆ, ಸ್ಕಿ ಈಚೆ. ಅಲೆ ಬಂದಾಗ ಅದು ಸ್ಕಿಯನ್ನು ದಡಕ್ಕೆ ಎಳೆಯುತ್ತದೆ, ನೀವು ಹಿಂದೆ ತೇಲಿಕೊಂಡು ಬರುತ್ತೀರಿ. ಪ್ಯಾಡಲ್ ಕೈಯಲ್ಲೇ ಇರಲಿ. ಬೆರಳನ್ನು ಹಿಡಿಕೆಯೊಳಗೆ, ಪಟ್ಟಿಯೊಳಗೆ ಸುತ್ತಿಕೊಳ್ಳಬೇಡಿ, ಸ್ಕಿ ತಿರುಗಿದರೆ ಬೆರಳು ಮುರಿಯುತ್ತದೆ. ದೊಡ್ಡ ಅಲೆ ಬಂದು, ಹಿಂದೆ ಯಾರೂ ಇಲ್ಲ ಅಂತ ಖಾತ್ರಿಯಿದ್ದರೆ ಕೈಬಿಡಿ. ಕಾಲಿಗೆ ನೆಲ ಸಿಕ್ಕ ಮೇಲೂ ನಾಲ್ಕನೇ ಹಂತದ ನಿಯಮ ಮರೆಯಬೇಡಿ. ಸುಸ್ತಾಗಿ ಎದ್ದು ನಿಂತವರು ಸ್ಕಿಯ ದಡದ ಬದಿಗೆ ಬಂದು ನಿಲ್ಲುವುದು ತುಂಬಾ ಸಾಮಾನ್ಯ, ತುಂಬಾ ಅಪಾಯ.

ದಡದಲ್ಲಿ ಕುಳಿತು ಉಸಿರು ಸಮವಾಗಲಿ. ಎರಡು ಸಲ ಬಿದ್ದರೆ ಅವತ್ತಿಗೆ ಸಾಕು ಅನ್ನುವುದು ನನ್ನ ಸಲಹೆ. ಮೂರನೇ ಸಲಕ್ಕೆ ಹಟ ಇರುತ್ತದೆ, ತೋಳಿನಲ್ಲಿ ಬಲ ಇರುವುದಿಲ್ಲ.

9. ಆಚೆ ಸೇರಿದ ಮೇಲೆ

ಕೊನೆಯ ಅಲೆ ದಾಟಿದ ಕೂಡಲೇ ನಿಲ್ಲಬೇಡಿ. ಇನ್ನೂ ಐವತ್ತು ಮೀಟರ್ ಹೋಗಿ. ನೀವು ನೋಡಿದ್ದಕ್ಕಿಂತ ದೊಡ್ಡ ಸೆಟ್ ಬಂದರೆ ಅದು ಇನ್ನೂ ಆಚೆ ಒಡೆಯುತ್ತದೆ. ಆಮೇಲೆ ಬೇಲರ್ ತೆರೆಯಿರಿ, ಲೀಷ್ ಕಾಲಿಗೆ ಹಾಕಿ, ಹಿಂದಿರುಗಿ ಜೊತೆಯವರನ್ನು ನೋಡಿ. ಅವರು ಇನ್ನೂ ಒಳಗಿದ್ದರೆ ಅಲ್ಲೇ ಕಾಯಿರಿ. ಹೊರಗಿನಿಂದ ಬರುವ ಸೆಟ್ ನಿಮಗೆ ಮೊದಲು ಕಾಣುತ್ತದೆ. ಪ್ಯಾಡಲ್ ನೆಟ್ಟಗೆ ಎತ್ತಿದರೆ "ನಿಲ್ಲು" ಅಂತ ದಡದಲ್ಲೇ ಮಾತಾಡಿಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

ದಡದ ಎರಡು ಗುರುತು ನೋಡಿಟ್ಟುಕೊಳ್ಳಿ. ಮುಂದೆ ಒಂದು ಮನೆಯೋ ಮರವೋ, ಅದರ ಹಿಂದೆ ಒಂದು ಕಟ್ಟಡವೋ ಗುಡ್ಡವೋ. ಎರಡೂ ಒಂದೇ ಗೆರೆಗೆ ಬಂದ ಜಾಗವೇ ನೀವು ಹೊರಬಂದ ದಾರಿ. ಹೊರಗಿನಿಂದ ನೋಡಿದರೆ ಅಲೆಗಳ ಬೆನ್ನು ಮಾತ್ರ ಕಾಣುತ್ತದೆ, ಎಲ್ಲ ಕಡೆಯೂ ಸೌಮ್ಯವಾಗೇ ಕಾಣುತ್ತದೆ. ಆ ನೋಟ ನಂಬಬೇಡಿ. ವಾಪಸ್ ಬರುವಾಗ ರಿಪ್ ಇರುವ ಕಾಲುವೆಯ ಪಕ್ಕಕ್ಕೆ ಬಂದು ಇಳಿಯಬೇಕು, ಅದರೊಳಗೆ ಅಲ್ಲ. ದಡ ಸೇರುವುದೇ ಬೇರೆ ವಿದ್ಯೆ, ಅದನ್ನು ಇನ್ನೊಂದು ಲೇಖನದಲ್ಲಿ ಬರೆಯುತ್ತೇನೆ. ಅದು ಬಾರದವರು ಆಚೆ ದೂರ ಹೋಗಬೇಡಿ.

ಅಭ್ಯಾಸ ಹೇಗೆ, ಯಾವಾಗ

ಮೊಣಕಾಲೆತ್ತರದ ಅಲೆ ಇರುವ ದಿನ ಹೋಗಿ. ಹೊರಗೆ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು, ಬರೀ ಇದನ್ನೇ ಮಾಡಿ. ದೂರ ಹೋಗುವ ಆಸೆ ಅವತ್ತು ಬೇಡ. ಇಲ್ಲಿ ಪೂರ್ತಿ ಸಲೀಸಾದ ಮೇಲೆ ಸೊಂಟದೆತ್ತರ. ಹಳೆಯ ಪ್ಲಾಸ್ಟಿಕ್ ಸ್ಕಿ ಅಥವಾ ಕಯಾಕ್ ಸಿಕ್ಕರೆ ಅದರಲ್ಲೇ ಕಲಿಯಿರಿ. ಕಾರ್ಬನ್ ಸ್ಕಿ ದಡದ ಒಂದೇ ಪೆಟ್ಟಿಗೆ ಸೀಳುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಅಭ್ಯಾಸ ಬೇಡವೇ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆಗ ದಡದಲ್ಲಿ ಏಳುವ ಅಲೆಗೆ ಬಿಡುವು ಅನ್ನುವುದೇ ಇರುವುದಿಲ್ಲ. ಮಳೆಗಾಲ ಕಳೆದ ಮೇಲೆ, ಬೆಳಿಗ್ಗೆ ಬೇಗ, ಗಾಳಿ ಏಳುವ ಮೊದಲು ಹೋಗಿ. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವವರಿದ್ದಾರೆ. ಅವರಿಗೆ ತಮ್ಮ ದಡದ ಮರಳ ದಿಣ್ಣೆ ಈ ವಾರ ಎಲ್ಲಿದೆ ಅಂತ ಗೊತ್ತಿರುತ್ತದೆ. ಮೀನುಗಾರರಿಗಂತೂ ಗೊತ್ತೇ ಇರುತ್ತದೆ. ಇಳಿಯುವ ಮೊದಲು ಅವರನ್ನು ಕೇಳಿ. "ಇವತ್ತು ಬೇಡ" ಅಂದರೆ ಸ್ಕಿಯನ್ನು ಮತ್ತೆ ಕಾರಿನ ಮೇಲೆ ಕಟ್ಟಿ.